ಪಾದಗಳ ಆರೈಕೆ

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಅನಂತರ ಕುಡಿಯಲು ಬೆಲ್ಲ ನೀರು. ಇದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಮರ್ಯಾದೆ. ದೇವರ ಷೋಡಶೋಪಚಾರಗಳಲ್ಲಿಯೂ ಪಾದ್ಯವು ಅರ್ಘ್ಯಕ್ಕಿಂತ ಮೊದಲು ಬರುವುದು. ಹೀಗಿದ್ದರೂ ಕಾಲಿಗೆ ಒಂದು ಚೆಂಬು ನೀರು ಸುರಿದುಕೊಂಡೊಡನೆ ಕರ್ತವ್ಯವು ಮುಗಿಯಿತೆಂದು ನಾವು ಭಾವಿಸುವೆವು. ಒರೆಸುವುದನ್ನೂ ನೋಡುವುದನ್ನೂ ಮರೆಯುವೆವು.

ನಮ್ಮ ಸೀಮೆಯ ಮಳೆಗಾಲವು ದೀರ್ಘವಾದುದು. ಗದ್ದೆಯ ಕೆಸರಿನಲ್ಲಿಯೂ ಅಂಗಳದ ನೀರಿನಲ್ಲಿಯೂ ನೆನೆದ ಬೆರಳ ಸಂದುಗಳು ಬೆಳ್ಳಗಾಗಿ, ತುರಿಸಿ, ಬಿರಿಯುವುವು. ತೇವವಿದ್ದಲ್ಲಿ ಶಿಲೀಂಧ್ರವು ಬೆಳೆಯುವುದು. ಬಿರಿದ ಚರ್ಮವು ರೋಗಕ್ಕೆ ತೆರೆದ ಬಾಗಿಲು. ಇಲಿಗಳ ಮೂತ್ರವು ಬೆರೆತ ನೀರಿನಿಂದ ಇಲಿಜ್ವರದ ಅಣುಗಳು ಇಂತಹ ಗಾಯಗಳ ಮೂಲಕ ಒಳಹೊಗಬಹುದು. ಈ ಅಣುವನ್ನು 1915ರಲ್ಲಿ ಜಪಾನಿನ ಇನಾಡ, ಇಡೊ ಎಂಬ ವೈದ್ಯರು ಗುರುತಿಸಿದರು. ಗದ್ದೆಗಿಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ, ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸತಕ್ಕದ್ದು.

ಮಧುಮೇಹವುಳ್ಳವರಿಗೆ ಇನ್ನೊಂದು ಅಪಾಯವುಂಟು. ಅವರ ಪಾದಗಳಲ್ಲಿ ಸ್ಪರ್ಶಜ್ಞಾನವು ಮೆಲ್ಲಮೆಲ್ಲನೆ ಕುಂದಬಹುದು. ಇದು ನಮ್ಮ ಸ್ವಂತ ಅನುಭವ. ಕಳೆದ ಆಸಾಡಿಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಾಗ ಮೊಮ್ಮಗಳು, “ಅಜ್ಜಯ್ಯ, ನಿಮ್ಮ ಅಂಗಾಲಿನಲ್ಲಿ ಮುಳ್ಳಿದೆ!” ಎಂದಳು. ಹೆಬ್ಬೆರಳ ಬುಡದಲ್ಲಿ ಮುಳ್ಳು ಮುರಿದು ಕೀವು ಕಟ್ಟಿತ್ತು. ನಮಗೆ ನೋವೇ ತಿಳಿದಿರಲಿಲ್ಲ. ಇನ್ನಷ್ಟು ತಡೆದಿದ್ದರೆ ಬೆರಳು ಉಳಿಯುತ್ತಿರಲಿಲ್ಲವೆಂದರು ವೈದ್ಯರು. ಶಾಲೆಯಲ್ಲಿ ಮಕ್ಕಳ ಉಗುರುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ನಾವು ನಮ್ಮ ಅಂಗಾಲನ್ನು ಒಂದು ದಿನವೂ ನೋಡಿದವರಲ್ಲ!

ಮಾಡಬೇಕಾದುದು ಅಲ್ಪವೇ. ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ. ಮಧುಮೇಹಿಗಳು ನೀರಿನ ಬಿಸಿಯನ್ನು ಮೊದಲು ಮೊಣಕೈಯಿಂದ ನೋಡಿಕೊಳ್ಳಲಿ. ಒಣಗಿದ ಬೈರಾಸಿನಿಂದ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿರಿ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆಯನ್ನು ಹಚ್ಚಬೇಕೆಂದು ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ವಿಧಿಸಿರುವನು. ಹಿಮ್ಮಡಿಗೂ ಅಂಗಾಲಿಗೂ ತೆಂಗಿನೆಣ್ಣೆಯನ್ನು ಹಚ್ಚಬಹುದು; ಬೆರಳ ಸಂದುಗಳಿಗೆ ಮಾತ್ರ ಬೇಡ. ಉಗುರನ್ನು ಮೂಲೆಗಳಲ್ಲಿ ಒಳಕ್ಕೆ ಕತ್ತರಿಸದೆ ನೇರವಾಗಿ ಕತ್ತರಿಸಿರಿ. ಕಾಲಿನಲ್ಲಿ ಗಾಯವಿರುವಾಗ ಕೆಸರಿಗೆ ಇಳಿಯದಿರುವುದು ಲೇಸು. ಇಳಿಯಲೇಬೇಕಾದರೆ ರಬ್ಬರಿನ ಬೂಟು ಇರಲಿ.

ಬಾಗಲಾರದ ವೃದ್ಧರು ನೆಲದ ಮೇಲೆ ಕನ್ನಡಿಯನ್ನಿಟ್ಟು ಅಂಗಾಲನ್ನು ನೋಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಕನ್ನಡಿಯ ಅಗತ್ಯವಿಲ್ಲ. ದೀಪ ಹಚ್ಚಿದ ಮೇಲೆ ಮೊಮ್ಮಗಳು ನಮ್ಮ ಪಾದಗಳನ್ನು ಪರೀಕ್ಷಿಸುವಳು, ನಾವು ಅವಳ ಪಾದಗಳನ್ನು ಪರೀಕ್ಷಿಸುವೆವು.