ಹತ್ತು ನಿಮಿಷದ ಹೋಟೆಲು

ಬೆಳಗಿನ ಐದೂವರೆ. ಪೀಣ್ಯದ ಮೇಲುಸೇತುವೆಯಲ್ಲಿ ಹುಬ್ಬಳ್ಳಿ, ದಾವಣಗೆರೆ ಕಡೆಯ ರಾತ್ರಿ ಬಸ್ಸುಗಳು ಮೆಜೆಸ್ಟಿಕ್ಕಿನತ್ತ ಓಡುತ್ತಿವೆ. ಸೇತುವೆಯ ಅಡಿಯಲ್ಲಿ, ತುಮಕೂರು ರಸ್ತೆಯ ಅಂಚಿಗೆ, ಒಂದು ಹಳೆಯ ಹೋಟೆಲಿನ ಶಟರ್ ಅರ್ಧ ಎದ್ದಿದೆ. ಒಳಗಿನಿಂದ ಇಡ್ಲಿ ಪಾತ್ರೆಯ ಹಬೆ ರಸ್ತೆಗೆ ಹರಿದು ಬರುತ್ತಿದೆ. ಊದುಬತ್ತಿಯ ಹೊಗೆಯೂ ಕಾಫಿ ಡಿಕಾಕ್ಷನ್ನಿನ ಘಮವೂ ಒಂದರೊಳಗೊಂದು ಬೆರೆತಿವೆ. ರಾತ್ರಿ ಪಾಳಿ ಮುಗಿಸಿದ ಲೇತ್ ಕೆಲಸಗಾರರು ಒಂದು ಮೇಜಿಗೆ, ಫಸ್ಟ್ ಶಿಫ್ಟಿಗೆ ಹೊರಟವರು ಪಕ್ಕದ ಮೇಜಿಗೆ ಕೂತಿದ್ದಾರೆ. ಇಬ್ಬರ ಮುಂದೆಯೂ ಅದೇ ಇಡ್ಲಿ, ಅದೇ ವಡೆ. ಒಬ್ಬರಿಗೆ ಅದು ದಿನದ ಕೊನೆಯ ಊಟ, ಇನ್ನೊಬ್ಬರಿಗೆ ದಿನದ ಮೊದಲ ತಿಂಡಿ.

ಕನ್ನಡದಲ್ಲಿ ಹೋಟೆಲು ಎಂದರೆ ತಿಂಡಿ ಸಿಗುವ ಜಾಗ. ತಂಗುವ ಜಾಗಕ್ಕೆ ಲಾಡ್ಜು ಎಂಬ ಬೇರೆ ಮಾತಿದೆ. ಈ ಅರ್ಥದ ಹೋಟೆಲುಗಳ ಪೈಕಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸಿಕ್ಕಬೇಕಾದ ಗೌರವ ಸಿಕ್ಕಿದೆ. ಅವುಗಳ ಬಗ್ಗೆ ಪುಟಗಟ್ಟಲೆ ಬರಹ ಬಂದಿದೆ. ಊರಿನ ಹೊರ ಅಂಚಿನಲ್ಲಿ ಕಾರ್ಖಾನೆಯ ಗೇಟಿಗೂ ಹೆದ್ದಾರಿಗೂ ನಡುವೆ ನಿಂತು ಎರಡು ಮೂರು ತಲೆಮಾರುಗಳ ದುಡಿಯುವ ಜನಕ್ಕೆ ತಿನ್ನಿಸಿದ ಹೋಟೆಲುಗಳನ್ನು ಮಾತ್ರ ಯಾರೂ ಅಷ್ಟಾಗಿ ಕಣ್ಣಿಟ್ಟು ನೋಡಿಲ್ಲ. ಒಂದು ಬೆಳಗನ್ನು ಅವಕ್ಕೆ ಕೊಡಬೇಕು ಎಂಬುದು ಈ ಬರಹದ ಕೋರಿಕೆ.

ಮೇಜು, ಬೋರ್ಡು, ಬಾಯ್ಲರು

ಇಂಥ ಹೋಟೆಲಿಗೆ ಹೋದಾಗ ಮೊದಲು ಮೇಜನ್ನು ನೋಡಿ. ಬಿಳಿ ಮಾರ್ಬಲ್ಲಿನದೋ ಕಡಪ ಕಲ್ಲಿನದೋ ಹಾಸು. ಸಾಂಬಾರ್ ಚೆಲ್ಲಿದರೆ ಒಂದೇ ಒರೆಸಿಗೆ ಹೋಗುತ್ತದೆ, ಬಿಸಿ ಲೋಟ ಇಟ್ಟರೆ ಕಲೆ ಕೂರುವುದಿಲ್ಲ. ಲಕ್ಷಾಂತರ ಮುಂಗೈ ಉಜ್ಜಿ ಅದರ ಅಂಚು ದುಂಡಗಾಗಿದೆ. ಮೇಲೆ ಕಣ್ಣು ಹಾಯಿಸಿದರೆ ಗೋಡೆಯ ಬೋರ್ಡು. ತಿಂಡಿಯ ಹೆಸರುಗಳನ್ನು ಕಲಾವಿದರೊಬ್ಬರು ದಪ್ಪ ಗುಂಡಗಿನ ಕನ್ನಡ ಅಕ್ಷರದಲ್ಲಿ ಬಣ್ಣದಿಂದ ಬರೆದಿರುತ್ತಾರೆ. ಹೆಸರು ಬದಲಾಗುವುದಿಲ್ಲ, ಬೆಲೆ ಬದಲಾಗುತ್ತದೆ. ಅದಕ್ಕೇ ಬೆಲೆಯ ಜಾಗದಲ್ಲಿ ಮಾತ್ರ ಚೀಟಿಯ ಮೇಲೆ ಚೀಟಿ ಅಂಟಿರುತ್ತದೆ. ಕೆಳಗೆ ‘ತಟ್ಟೆಯಲ್ಲಿ ಕೈ ತೊಳೆಯಬೇಡಿ’, ‘ಇಂದು ನಗದು, ನಾಳೆ ಉದ್ರಿ’ ಎಂಬ ಸೂಚನೆಗಳು.

ಕೆಲವು ಕಡೆ ಇನ್ನೂ ಹಳೆಯ ಬಾಯ್ಲರ್ ಉಳಿದಿದೆ. ತಾಮ್ರದ್ದೋ ಹಿತ್ತಾಳೆಯದ್ದೋ ಎತ್ತರದ ಹಂಡೆ, ನಡುವೆ ಇದ್ದಿಲು ಉರಿಯುವ ಕೊಳವೆ, ಸುತ್ತಲೂ ನೀರು, ಕೆಳಗೊಂದು ನಲ್ಲಿ. ಬೆಳಿಗ್ಗೆ ಒಮ್ಮೆ ಕೆಂಡ ತುಂಬಿದರೆ ಬಿಸಿನೀರಿಗೆ ಯಾರೂ ಕಾಯಬೇಕಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಇವು ಒಂದೊಂದಾಗಿ ಗುಜರಿಗೆ ಹೋದವು. ಎಲ್ಲಾದರೂ ಕಂಡರೆ ಅದರ ಪಕ್ಕ ಒಂದು ಕ್ಷಣ ನಿಲ್ಲಿ.

ಕಿವಿಗೂ ಕೆಲಸವಿದೆ. ‘ಎರಡು ಇಡ್ಲಿ ಒಂದು ವಡೆ, ಸಾಂಬಾರ್ ಸೆಪರೇಟ್! ಒಂದು ಖಾಲಿ! ಬೈಟು ಕಾಫಿ ಎರಡು!’ ಎಂದು ಸಪ್ಲೈಯರ್ ಕೂಗಿದ್ದು ಒಳಗಿನ ಭಟ್ಟರಿಗೆ ತಲುಪುತ್ತದೆ, ಗಲ್ಲಾದಲ್ಲಿ ಕೂತವರ ಲೆಕ್ಕಕ್ಕೂ ಸೇರುತ್ತದೆ. ‘ಬೈಟು’ ಎಂಬುದಂತೂ ಬೆಂಗಳೂರಿಗರ ಬಾಯಲ್ಲಿ ಸದಾ ಇರುವ ಮಾತು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುವ ಈ ಪದ್ಧತಿಯಲ್ಲಿ ಉಳಿತಾಯವೂ ಇದೆ, ಗೆಳೆತನವೂ ಇದೆ.

ಇವೆಲ್ಲ ನಮಗೀಗ ಹಳೆಯ ಕಾಲದ ಸೊಬಗಾಗಿ ಕಾಣುತ್ತವೆ. ಆದರೆ ಒಂದನ್ನೂ ಯಾರೂ ಸೊಬಗಿಗೆಂದು ಮಾಡಿಸಲಿಲ್ಲ. ಹತ್ತೇ ನಿಮಿಷ ಬಿಡುವಿರುವವನು ಬಿಸಿಯಾಗಿ, ಹೊಟ್ಟೆ ತುಂಬ, ಕಡಿಮೆ ದುಡ್ಡಿಗೆ ತಿಂದು ಹೋಗಬೇಕು ಎಂಬ ಒಂದೇ ಕಾಳಜಿಯಿಂದ ಕಲ್ಲಿನ ಮೇಜೂ ಬಂತು, ಕುದಿಯುವ ಬಾಯ್ಲರೂ ಬಂತು, ಕೂಗಿ ಹೇಳುವ ಆರ್ಡರೂ ಬಂತು. ಅವಸರದಲ್ಲಿರುವವರ ಬಗೆಗಿನ ಆ ಅಕ್ಕರೆಯೇ ಇಷ್ಟು ವರ್ಷ ಉಜ್ಜಿ ಉಜ್ಜಿ ಸೊಬಗಾಗಿದೆ.

ಕರಾವಳಿಯಿಂದ ಕಾರ್ಖಾನೆ ಗೇಟಿಗೆ

ಈ ವಿದ್ಯೆಯ ಬಹುಪಾಲು ಘಟ್ಟದ ಕೆಳಗಿನಿಂದ ಹತ್ತಿ ಬಂದದ್ದು. ಉಡುಪಿ, ಕೋಟ, ಕುಂದಾಪುರ ಸೀಮೆಯ ಅಡುಗೆಯವರು ಊರೂರಿಗೆ ಹೋಗಿ ಹೋಟೆಲು ಹಾಕಿದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಊರ ನಡುವೆ ಹೀಗೆ ಬೇರೂರಿದ ಪದ್ಧತಿಯನ್ನು ಹೊರವಲಯಕ್ಕೆ ಎಳೆದದ್ದು ಕಾರ್ಖಾನೆಗಳು. ಹಳೆ ಮದ್ರಾಸ್ ರಸ್ತೆಯಲ್ಲಿ 1948ರಲ್ಲಿ ಐ.ಟಿ.ಐ., ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷವೇ ಬಿ.ಇ.ಎಲ್. ಬಂದವು. ಇವಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು 1970ರ ದಶಕದಲ್ಲಿ ಪೀಣ್ಯದಲ್ಲಿ ಸಾಲುಗಟ್ಟಿದವು.

ಪೀಣ್ಯದಲ್ಲಿ ಹೋಟೆಲು ಇಷ್ಟೊಂದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. 1948ರ ಕಾರ್ಖಾನೆಗಳ ಕಾಯ್ದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನು ಇರಬೇಕೆಂದು ಸರ್ಕಾರ ನಿಯಮ ಮಾಡಬಹುದಿತ್ತು. ಎಚ್.ಎಂ.ಟಿ., ಬಿ.ಇ.ಎಲ್.ನಂಥ ದೊಡ್ಡ ಕಾರ್ಖಾನೆಗಳಿಗೆ ತಮ್ಮದೇ ಕ್ಯಾಂಟೀನುಗಳಿದ್ದವು. ಹತ್ತೋ ಐವತ್ತೋ ಜನ ದುಡಿಯುವ ಟೂಲ್‌ರೂಮು, ಫೌಂಡ್ರಿ, ಪ್ಲೇಟಿಂಗ್ ಶೆಡ್ಡುಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಲ್ಲಿನವರಿಗೆ ಬೀದಿಯ ಹೋಟೆಲೇ ಕ್ಯಾಂಟೀನು. ಮುಂಜಾನೆ ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳು ಪಾರ್ಸೆಲ್ ಕಟ್ಟಿಸಿಕೊಂಡು ಬಸ್ಸಿಗೆ ಓಡುವುದೂ ಇದೇ ಬಾಗಿಲಿನಿಂದ.

ನಿಂತು ತಿನ್ನುವ ದರ್ಶಿನಿ

ಕೂತು ತಿನ್ನುವ ಹೋಟೆಲಿನ ಪಕ್ಕದಲ್ಲೇ ನಿಂತು ತಿನ್ನುವ ದರ್ಶಿನಿಯೂ ಬಂತು. ಆರ್. ಪ್ರಭಾಕರ್ ಅವರ ಯೋಜನೆಯಂತೆ ಮೊದಲ ಕೆಫೆ ದರ್ಶಿನಿ ತೆರೆದದ್ದು 1983ರಲ್ಲಿ, ಜಯನಗರದಲ್ಲಿ. ಮೊದಲು ಟೋಕನ್, ಆಮೇಲೆ ತಿಂಡಿ. ಅಡುಗೆಮನೆ ಎದುರಿಗೇ ಕಾಣುತ್ತದೆ, ಎದೆಮಟ್ಟದ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿನ್ನಬೇಕು. ಕುರ್ಚಿಯ ಜಾಗ ಉಳಿಯಿತು, ಸಪ್ಲೈಯರ್ ಸಂಬಳ ಉಳಿಯಿತು, ತಿಂಡಿಯ ಬೆಲೆ ಇಳಿಯಿತು. ನಲವತ್ತು ವರ್ಷ ದಾಟಿದ ಈ ಕ್ರಮ ಈಗ ತಾನೇ ಒಂದು ಪರಂಪರೆ. ಜಾಗವೂ ಸಮಯವೂ ಕಡಿಮೆ ಇರುವ ಪೀಣ್ಯಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ಅದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಅಮೆರಿಕದ ಹಳೆಯ ‘ಡೈನರ್’ಗಳ ಕಥೆ ಓದಿದವರಿಗೆ ಇಲ್ಲೊಂದು ಹೋಲಿಕೆ ಹೊಳೆಯುತ್ತದೆ. 1872ರಲ್ಲಿ ರೋಡ್ ಐಲೆಂಡ್ ಪ್ರಾಂತ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬುವರು ಪತ್ರಿಕಾ ಕಚೇರಿಯೊಂದರ ಮುಂದೆ ಕುದುರೆಗಾಡಿ ನಿಲ್ಲಿಸಿಕೊಂಡು ರಾತ್ರಿ ಕೆಲಸದವರಿಗೆ ಕಾಫಿ ತಿಂಡಿ ಮಾರತೊಡಗಿದರು. ಆ ಗಾಡಿಯೇ ಬೆಳೆದು ರೈಲುಡಬ್ಬಿಯ ಆಕಾರದ, ಉದ್ದನೆ ಕಟ್ಟೆಯ ಡೈನರ್ ಆಯಿತು. ರೂಟ್ 66ರಂಥ ಹೆದ್ದಾರಿಗಳ ಬದಿಗೆ ಅವು ಹಬ್ಬಿದವು. ಅಗಲವಾದ ಹೊಸ ಹೆದ್ದಾರಿಗಳು ಬಂದು 1985ರಲ್ಲಿ ರೂಟ್ 66 ಅಧಿಕೃತ ಪಟ್ಟಿಯಿಂದಲೇ ಬಿಟ್ಟುಹೋದಾಗ ಅದರ ಬದಿಯ ಊಟದಂಗಡಿಗಳು ಬಡವಾದವು. ಪಾಳಿಯ ಜನಕ್ಕಾಗಿ ಹುಟ್ಟಿ, ರಸ್ತೆಯ ಜೊತೆ ಬೆಳೆದು, ರಸ್ತೆ ಮಗ್ಗುಲು ಬದಲಿಸಿದಾಗ ಒಂಟಿಯಾದ ಆ ಕಥೆ ನಮ್ಮದೂ ಹೌದು.

ರಸ್ತೆ ಮೇಲಕ್ಕೆ ಹೋದಾಗ

ಹೊಸೂರು ರಸ್ತೆಯನ್ನೇ ನೋಡಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. 2010ರಲ್ಲಿ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲುರಸ್ತೆ ತೆರೆದ ಮೇಲೆ ಕಾರುಗಳು ಆಕಾಶದಲ್ಲೇ ಬಂದು ಆಕಾಶದಲ್ಲೇ ಹೋಗುತ್ತವೆ. ಕೆಳಗಿನ ಹೋಟೆಲಿನ ಬೋರ್ಡು ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಮೈಸೂರು ರಸ್ತೆಯಲ್ಲಿ ಈ ಪೆಟ್ಟು ಇನ್ನೂ ಜೋರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ಬಳಸಿಕೊಂಡು ಹೋಗುತ್ತದೆ. ಬಿಡದಿಯೆಂದರೆ ತಟ್ಟೆ ಇಡ್ಲಿ, ಮದ್ದೂರೆಂದರೆ 1917ರಿಂದ ರೈಲುನಿಲ್ದಾಣದಲ್ಲಿ ಹೆಸರು ಮಾಡಿದ ವಡೆ. ಬಸ್ಸು ನಿಂತ ಎರಡು ನಿಮಿಷದಲ್ಲಿ ಕೈಗೆ ಸಿಗುತ್ತಿದ್ದ ತಿಂಡಿಗೆ ಈಗ ಹೆದ್ದಾರಿ ಬಿಟ್ಟು ಊರೊಳಗೆ ತಿರುಗಬೇಕು. ತಿರುಗಿ. ಅಂಗೈ ಮೀರಿದ ಅಗಲದ ಇಡ್ಲಿ, ಮೇಲೆ ಕರಗುವ ಬೆಣ್ಣೆ, ಬದಿಯಲ್ಲಿ ಚಟ್ನಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಹಬೆಗೆ ಬೇಯಿಸುವ ಈ ಇಡ್ಲಿ ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ದಾರಿಯ ಜನಕ್ಕೆಂದೇ ಕಂಡುಕೊಂಡ ಅಳತೆ ಅದು.

ತುಮಕೂರು ರಸ್ತೆಯಲ್ಲಿ ಈ ಇಡ್ಲಿಯ ತವರು ಕ್ಯಾತ್ಸಂದ್ರ. ಪೀಣ್ಯ ದಾಟಿ, ಮಂಗಳೂರು ರಸ್ತೆ ಕವಲೊಡೆಯುವ ನೆಲಮಂಗಲ ಹಾದು, ತುಮಕೂರಿನ ಬಾಗಿಲಿಗೆ ಬಂದರೆ ಒಂದು ಬದಿಗೆ ನಿತ್ಯ ದಾಸೋಹದ ಸಿದ್ಧಗಂಗಾ ಮಠ, ರಸ್ತೆಯ ಬಳಿ ಪವಿತ್ರ ಹೋಟೆಲಿನಂಥ ತಟ್ಟೆ ಇಡ್ಲಿಯ ಮನೆಗಳು. ಸಾವಿರಾರು ಮಕ್ಕಳಿಗೆ ಅನ್ನವಿಕ್ಕುವ ಮಠದ ನೆರಳಿನಲ್ಲಿ ದಾರಿಹೋಕರಿಗೆ ಇಡ್ಲಿ ಬಡಿಸುವ ಬೀದಿ!

ವೈಟ್‌ಫೀಲ್ಡಿನ ಹಳಮೆ ಬೇರೆ ಬಗೆಯದು. ಮೈಸೂರಿನ ಮಹಾರಾಜ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಗೆಂದು 3,900 ಎಕರೆ ಕೊಟ್ಟರು. ಆ ಸಮುದಾಯದ ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ಅಲ್ಲಿನ ಇನ್ನರ್ ಸರ್ಕಲ್ಲಿನ ವೇವರ್ಲಿ ಇನ್‌ಗೆ ಚರ್ಚಿಲ್ ಬಂದುಹೋಗುತ್ತಿದ್ದರೆಂಬ ಐತಿಹ್ಯ ಇಂದಿಗೂ ಊರವರ ಬಾಯಲ್ಲಿದೆ. ಈಗ ಆ ಪ್ರದೇಶ ಗಾಜಿನ ಕಟ್ಟಡಗಳದು. ಹಳೆಯ ಊರಿನ ರೂಪ ತೊಟ್ಟ ಹೊಸ ರೆಸ್ಟೋರೆಂಟುಗಳೂ ಅಲ್ಲಿವೆ. ಗೋಡೆಗೆ ಎತ್ತಿನಗಾಡಿಯ ಚಕ್ರ, ಮೇಜಿಗೆ ಎನಾಮಲ್ ಲೋಟ. ಅಲ್ಲಿ ಮಕ್ಕಳೊಡನೆ ಸಂತೋಷವಾಗಿ ಊಟ ಮಾಡಬಹುದು. ಹಳೆಯದನ್ನು ಕಾಣಬೇಕಾದರೆ ಮಾತ್ರ ಆ ಕಟ್ಟಡಗಳ ಸೆಕ್ಯುರಿಟಿಯವರೂ ಕ್ಯಾಬ್ ಚಾಲಕರೂ ತಿಂಡಿ ತಿನ್ನುವ ಕಾಡುಗೋಡಿ, ಹೂಡಿಯ ಬೀದಿಗೆ ಹೋಗಬೇಕು. ಅಲ್ಲಿಂದ ಮುಂದೆ ಹೊಸಕೋಟೆಯಲ್ಲಿ ನಸುಕಿಗೇ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ಹತ್ತು ನಿಮಿಷದ ಹೋಟೆಲಿಗೆ ಹೊಸ ಕಾಲ ಸೇರಿಸಿದ ಅಧ್ಯಾಯ ಅದು.

ಹೋಗುವುದು ಹೇಗೆ?

ಮೇಲುಸೇತುವೆ ದೂರ ಮಾಡಿದ್ದನ್ನು ಮೆಟ್ರೋ ಹತ್ತಿರ ತಂದಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ರೈಲು ಬಂತು. ನಿಲ್ದಾಣದ ಮೆಟ್ಟಿಲಿಳಿದರೆ ಕಾಲಿಡುವುದು ಹಳೆಯ ರಸ್ತೆಯ ಮೇಲೇ. ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ, ಎಲ್ಲಿ ಇಳಿದರೂ ಸರಿ. ಬಾಗಿಲಲ್ಲಿ ಹೆಲ್ಮೆಟ್ಟು, ಯೂನಿಫಾರ್ಮು ಹೆಚ್ಚಿರುವ ಹೋಟೆಲು ಆರಿಸಿಕೊಳ್ಳಿ.

ಹೊತ್ತು ಮೀರಿಸಬೇಡಿ. ಏಳರೊಳಗೆ ಹೋದರೆ ಇಡ್ಲಿಯ ಮೊದಲ ಒಬ್ಬೆ, ಹತ್ತರ ಮೇಲೆ ಹೋದರೆ ರೈಸ್‌ಬಾತ್ ಕೂಡ ಖಾಲಿ. ಮೊದಲ ಸಲ ಇಡ್ಲಿ ವಡೆ, ಆಮೇಲೆ ಖಾಲಿ ದೋಸೆ ಸಾಗು, ಸಿಹಿ ಬೇಕಿದ್ದರೆ ಚೌಚೌ ಬಾತ್, ಕೊನೆಗೆ ಕಾಫಿ. ಚಿಲ್ಲರೆ ಜೊತೆಗಿರಲಿ. ಫೋಟೊ ತೆಗೆಯುವುದಾದರೆ ಗಲ್ಲಾದವರನ್ನು ಒಂದು ಮಾತು ಕೇಳಿ. ಬೋರ್ಡಿನ ಅಕ್ಷರ ಯಾರು ಬರೆದದ್ದು, ಮೇಜಿನ ಕಲ್ಲು ಎಲ್ಲಿಂದ ಬಂದದ್ದು ಎಂದು ವಿಚಾರಿಸಿ. ಹೋಟೆಲಿನ ಇತಿಹಾಸ ಹೆಚ್ಚಿನ ಕಡೆ ಬರಹದಲ್ಲಿಲ್ಲ, ಗಲ್ಲಾದವರ ನೆನಪಿನಲ್ಲಿದೆ. ಕೇಳುವವರಿಲ್ಲದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ.

ಪೀಣ್ಯದ ಆ ಬೆಳಗಿಗೆ ಮರಳುತ್ತೇನೆ. ಆರು ಗಂಟೆ ಹತ್ತಿರವಾದಂತೆ ಬಾಗಿಲಲ್ಲಿ ಜನ ಸೇರಿದರು. ನನ್ನೆದುರು ಕೂತಿದ್ದ ಹಿರಿಯರೊಬ್ಬರು ಕಾಫಿಯ ಕೊನೆಯ ಗುಟುಕನ್ನು ಎದ್ದು ನಿಂತೇ ಕುಡಿದರು. ಬಾಗಿಲಲ್ಲಿ ನಿಂತಿದ್ದ ಹುಡುಗ ಅವರ ಜಾಗದಲ್ಲಿ ಕೂತ. ಅವರಿಬ್ಬರ ನಡುವೆ ಒಂದು ಮಾತೂ ನಡೆಯಲಿಲ್ಲ. ನನ್ನ ತಟ್ಟೆಯೂ ಬರಿದಾಗಿತ್ತು, ನನಗೆ ಯಾವ ಪಾಳಿಯೂ ಇರಲಿಲ್ಲ. ಲೋಟ ಕೈಗೆತ್ತಿಕೊಂಡು ನಾನೂ ಎದ್ದೆ.