ಬೆಂಕಿ ಆರಿಸುವವರ ಸಂಬಳ ಮತ್ತು ನಿವೃತ್ತಿ

ಎಲ್ಲಾದರೂ ಬೆಂಕಿ ಬಿದ್ದರೆ ನಾವು 101ಕ್ಕೆ ಫೋನ್ ಮಾಡುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಕೆಂಪು ವಾಹನ ಬರುತ್ತದೆ. ಅದರಿಂದ ಇಳಿಯುವ ಚಾಲಕ, ಅಗ್ನಿಶಾಮಕ, ಪ್ರಮುಖ ಅಗ್ನಿಶಾಮಕ, ಠಾಣಾಧಿಕಾರಿ, ಇವರೆಲ್ಲ ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ನೌಕರರು. ಅವರ ಸಂಬಳ, ಪಿಂಚಣಿಗಳು ಸರ್ಕಾರಿ ನೌಕರರ ಸಾಮಾನ್ಯ ನಿಯಮಗಳ ಪ್ರಕಾರವೇ ನಡೆಯುತ್ತವೆ. ಈ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಹೇಗೆ ಬದಲಾದವು? ಬನ್ನಿ, ತಿಳಿದುಕೊಳ್ಳೋಣ.

ಸಂಬಳ ಏರಿದ್ದೆಷ್ಟು?

ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ಒಮ್ಮೆಲೇ ಹತ್ತು ಸಾವಿರ ಹೆಚ್ಚಿತೆಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಗಿಲ್ಲ. 17,000ಕ್ಕೆ ಶೇ. 31ರ ತುಟ್ಟಿಭತ್ಯೆ 5,270 ರೂಪಾಯಿ ಸೇರಿತು; ಇದು ಮೊದಲೇ ಸಿಗುತ್ತಿದ್ದ ಹಣ. ನಿಜವಾದ ಹೆಚ್ಚಳ ಶೇ. 27.5, ಎಂದರೆ 4,675 ರೂಪಾಯಿ. ಒಟ್ಟು 26,945, ಅದನ್ನು 27,000ಕ್ಕೆ ಸರಿಹೊಂದಿಸಲಾಯಿತು. ಈ ಶೇ. 27.5ರಲ್ಲೂ ಶೇ. 17ರಷ್ಟನ್ನು 2023ರ ಏಪ್ರಿಲ್‌ನಿಂದಲೇ ಮಧ್ಯಂತರ ಪರಿಹಾರವಾಗಿ ಕೊಡಲಾಗಿತ್ತು. ಅಗ್ನಿಶಾಮಕರ ವೇತನ ಶ್ರೇಣಿ ಕನಿಷ್ಠಕ್ಕಿಂತ ಮೇಲಿದ್ದರೂ ಲೆಕ್ಕದ ಕ್ರಮ ಇದೇ.

ಒಂದೇ ಠಾಣೆ, ಎರಡು ಬಗೆಯ ನಿವೃತ್ತಿ

ಸಂಬಳ ಎಲ್ಲರಿಗೂ ಏರುತ್ತದೆ. ಆದರೆ ನಿವೃತ್ತಿಯ ವಿಷಯದಲ್ಲಿ 2006ರ ಏಪ್ರಿಲ್ 1 ಎಂಬ ದಿನಾಂಕ ನೌಕರರನ್ನು ಎರಡು ಪಾಲು ಮಾಡಿದೆ.

ಅದಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ತಿಂಗಳ ಪಿಂಚಣಿ. ಅದರ ಮೇಲೆ ತುಟ್ಟಿಭತ್ಯೆ. ಬೇಕಾದರೆ ಪಿಂಚಣಿಯ ಮೂರನೇ ಒಂದು ಭಾಗವನ್ನು ಪರಿವರ್ತಿಸಿ ಇಡಿಗಂಟಾಗಿ ಪಡೆಯಬಹುದು. ಆ ಭಾಗ 15 ವರ್ಷಗಳ ನಂತರ ಮತ್ತೆ ಸೇರುತ್ತದೆ.

ಅಂದು ಮತ್ತು ಅನಂತರ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ನ್ನು ಪ್ರತಿ ತಿಂಗಳೂ ನೌಕರನ ಸಂಬಳದಿಂದ ಕಡಿತ ಮಾಡುತ್ತಾರೆ. ಸರ್ಕಾರವೂ ತನ್ನ ವಂತಿಗೆ ಹಾಕುತ್ತದೆ. ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯಾದಾಗ ಶೇ. 60ರವರೆಗೆ ಕೈಗೆ ಬರುತ್ತದೆ, ಕನಿಷ್ಠ ಶೇ. 40ರಲ್ಲಿ ವರ್ಷಾಶನ ಕೊಳ್ಳಬೇಕು. ಗಂಟು 50 ಲಕ್ಷವಾಗಿದ್ದರೆ 30 ಲಕ್ಷ ಕೈಗೆ, 20 ಲಕ್ಷ ವರ್ಷಾಶನಕ್ಕೆ. ಬೆಲೆ ಏರಿದಂತೆ ಹೆಚ್ಚುವ ತುಟ್ಟಿಭತ್ಯೆ ಇದಕ್ಕಿಲ್ಲ. ಅರವತ್ತು ತುಂಬಿದ ಮೇಲೆ ಇಪ್ಪತ್ತು ವರ್ಷ ಬಾಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ನೇಮಕಾತಿ ಪ್ರಕಟಣೆ 2006ರ ಏಪ್ರಿಲ್ 1ಕ್ಕೆ ಮೊದಲೇ ಹೊರಟು, ಕೆಲಸಕ್ಕೆ ಸೇರಿದ್ದು ಮಾತ್ರ ತಡವಾದವರ ಕಥೆ ಏನು? ಇಂತಹ ಸುಮಾರು 13,000 ರಾಜ್ಯ ನೌಕರರಿಗೆ 2024ರ ಜನವರಿಯ ಆದೇಶವು ಹಳೆಯ ಪಿಂಚಣಿಯ ಅವಕಾಶ ನೀಡಿತು.

ಕುಟುಂಬಕ್ಕೆ ಆಸರೆ

ಹೊಗೆ, ಕುಸಿಯುವ ಗೋಡೆ, ಸಿಡಿಯುವ ಸಿಲಿಂಡರ್ ಇವುಗಳ ನಡುವೆ ದುಡಿಯುವವರ ಮನೆಯಲ್ಲಿ ಪಿಂಚಣಿಗಿಂತ ಮೊದಲು ಕಾಡುವ ಪ್ರಶ್ನೆ ಬೇರೆ. ಅವರಿಗೇ ಏನಾದರೂ ಆದರೆ? ಹೊಸ ವ್ಯವಸ್ಥೆಯವರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅವರ ಮನೆಯವರಿಗೂ ಕುಟುಂಬ ಪಿಂಚಣಿ ಸಿಗುವಂತೆ ರಾಜ್ಯ ಸರ್ಕಾರ 2018ರಲ್ಲಿ ಕ್ರಮ ಕೈಗೊಂಡಿತು.

ನೀವು ಮಾಡಬೇಕಾದದ್ದು

ನಿಮ್ಮ ಮನೆಯಲ್ಲಿ ಅಗ್ನಿಶಾಮಕ ಸಿಬ್ಬಂದಿ ಇದ್ದರೆ ಮೂರು ವಿಷಯ ವಿಚಾರಿಸಿ. ಸೇವಾ ವಹಿಯಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಸರಿಯಾಗಿದೆಯೇ? ನಾಮನಿರ್ದೇಶನ ಮಾಡಿದ್ದಾರೆಯೇ? ಮದುವೆ, ಮಕ್ಕಳ ಜನನದ ನಂತರ ಅದನ್ನು ಬದಲಿಸಿದ್ದಾರೆಯೇ? ಹೊಸ ವ್ಯವಸ್ಥೆಯವರು ತಿಂಗಳ ವಂತಿಗೆ ಖಾತೆಗೆ ಜಮೆಯಾಗುತ್ತಿದೆಯೇ ಎಂದೂ ನೋಡಿಕೊಳ್ಳಬೇಕು. ನಾಮನಿರ್ದೇಶನ ಹಳೆಯದಾಗಿ ಉಳಿದರೆ ದುಃಖದ ಹೊತ್ತಿನಲ್ಲಿ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಇಂದು ಒಂದು ಗಂಟೆ ಬಿಡುವು ಮಾಡಿಕೊಂಡು ಕಾಗದಪತ್ರ ಸರಿಪಡಿಸಿದರೆ ಆ ಅಲೆದಾಟ ತಪ್ಪುತ್ತದೆ.