ಹೆಸರು ಕೊಟ್ಟಿದ್ದು ನೀವಾ, ನಿಮ್ಮ ಹಮ್ಮಾ?

ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೀರಿ ಅಂದುಕೊಳ್ಳಿ. ಪಕ್ಕದ ಬೀದಿಯ ಗೆಳತಿ ಓಡಿ ಬರುತ್ತಾಳೆ.

“ಅಕ್ಕಾ, ಮಹಿಳಾ ದಿನಾಚರಣೆಗೆ ಐದು ಕಿಲೋಮೀಟರ್ ಓಟ ಇಟ್ಟವ್ರಂತೆ. ಟೀ ಶರ್ಟ್ ಕೊಡ್ತಾರೆ, ಮೆಡಲ್ ಕೊಡ್ತಾರೆ. ನಾನು ಹೆಸರು ಕೊಟ್ಟಾಯ್ತು. ನೀವೂ ಕೊಡಿ ಕಣಕ್ಕಾ!”

ಆ ಕ್ಷಣ ನಿಮ್ಮೊಳಗೆ ಯಾವ ಉತ್ತರ ಬರುತ್ತೆ? “ಇವಳೇ ಓಡ್ತಾಳೆ ಅಂದ್ರೆ ನಾನೇನು ಕಮ್ಮಿನಾ?” ಅಂತಲಾ? ಅಥವಾ “ಅಯ್ಯೋ, ನನ್ನ ಕೈಲಾಗುತ್ತಾ? ನೋಡಿದವರು ನಕ್ಕರೆ?” ಅಂತಲಾ?

ಮೊದಲನೆಯದು ಧೈರ್ಯ, ಎರಡನೆಯದು ವಿನಯ ಅಂತ ನಾವು ತಿಳಿದಿರುತ್ತೇವೆ. ಆದರೆ ಸ್ವಲ್ಪ ಯೋಚಿಸಿ. ಎರಡೂ ಮಾತು ಹುಟ್ಟಿದ್ದು ಒಂದೇ ಜಾಗದಲ್ಲಿ, ‘ನಾಲ್ಕು ಜನ ನನ್ನನ್ನು ಹೇಗೆ ನೋಡ್ತಾರೆ’ ಎಂಬ ಚಿಂತೆಯಲ್ಲಿ! ಒಂದು ಹಮ್ಮು ನಮ್ಮನ್ನು ಹಿಂದೆಮುಂದೆ ನೋಡದೆ ಓಡಿಸುತ್ತೆ, ಇನ್ನೊಂದು ಹಮ್ಮು ಮನೆಯಲ್ಲೇ ಕೂರಿಸುತ್ತೆ. ಕೇಳಬೇಕಾಗಿದ್ದ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತೆ: ನನ್ನ ಮೈ ಇದಕ್ಕೆ ತಯಾರಾಗಿದೆಯಾ?

ಜೋಡಿ ಕಟ್ಟೋದು ಗೊತ್ತಾ?

ಮೈಸೂರು ದಸರಾ ಕುಸ್ತಿ ನೋಡಿರುತ್ತೀರಿ, ಇಲ್ಲ ಮನೆಯ ಗಂಡಸರ ಬಾಯಲ್ಲಿ ಕೇಳಿರುತ್ತೀರಿ. ಪಂದ್ಯಕ್ಕೆ ಮುಂಚೆ ಅಲ್ಲಿ ‘ಜೋಡಿ ಕಟ್ಟುವುದು’ ಅಂತ ಒಂದು ಪದ್ಧತಿಯಿದೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಪೈಲ್ವಾನರು ಬಂದು ನಿಲ್ಲುತ್ತಾರೆ. ಅನುಭವಸ್ಥರು ಅವರ ವಯಸ್ಸು, ತೂಕ, ಕಸುವು ನೋಡಿ ಯಾರಿಗೆ ಯಾರು ಸಮ ಅಂತ ಜೋಡಿ ಮಾಡುತ್ತಾರೆ. “ನಾನು ಆ ದೊಡ್ಡ ಪೈಲ್ವಾನನ ಮೇಲೇ ಬೀಳ್ತೀನಿ” ಎಂದು ಹುಡುಗನೊಬ್ಬ ಎದೆ ತಟ್ಟಿದರೆ ಆಗುವುದಿಲ್ಲ. ಹಾಗಂತ ಆ ಹುಡುಗನನ್ನು ಮನೆಗೂ ಕಳಿಸುವುದಿಲ್ಲ, ಅವನಿಗೊಪ್ಪುವ ಜೋಡಿ ಹುಡುಕುತ್ತಾರೆ. ಈಗ ಹೆಣ್ಣುಮಕ್ಕಳೂ ಆ ಅಖಾಡಕ್ಕೆ ಇಳಿದಿದ್ದಾರೆ. ‘ದಸರಾ ಕಿಶೋರಿ’ ಪ್ರಶಸ್ತಿ ಇರುವುದೇ ಅವರಿಗಾಗಿ.

ಇದರಲ್ಲಿ ನಮಗೂ ಒಂದು ಪಾಠ ಇದೆ. ತಯಾರಿ ಆಗಿದೆಯೋ ಇಲ್ಲವೋ ಅಂತ ಹೇಳುವ ಕೆಲಸವನ್ನು ಅವರು ಆಡುವವನ ಹಮ್ಮಿಗೆ ಬಿಟ್ಟಿಲ್ಲ. ನೀವೂ ಬಿಡಬೇಡಿ.

ಉಸಿರು ಒಪ್ಪಿದರೂ ಮಂಡಿ ಒಪ್ಪಬೇಕಲ್ಲ!

ಓಡಲು ಶುರು ಮಾಡಿದ ಮೊದಲ ವಾರ ಏದುಸಿರು. ಮೂರು ನಾಲ್ಕು ವಾರ ಕಳೆದರೆ ಉಸಿರು ಹತೋಟಿಗೆ ಬರುತ್ತೆ. “ಆಹಾ, ಇಷ್ಟೇನಾ!” ಅನ್ನಿಸುತ್ತೆ. ಎಡವುವುದು ಇಲ್ಲೇ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರು, ಕೀಲಿನ ಕಟ್ಟುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಂದರೆ ನಿಮ್ಮ ಉತ್ಸಾಹ ಉಕ್ಕುವ ಹೊತ್ತಿಗೆ ಮಂಡಿ, ಹಿಮ್ಮಡಿ ಇನ್ನೂ ತಯಾರಾಗಿರುವುದಿಲ್ಲ. ಆಗ ಗೆಳತಿಯ ಜೊತೆ ಪೈಪೋಟಿಗೆ ಬಿದ್ದರೆ ಮಾರನೇ ದಿನ ಮೆಟ್ಟಿಲು ಇಳಿಯುವಾಗ “ಅಮ್ಮಾ” ಅನ್ನಬೇಕಾಗುತ್ತೆ.

ಫೋನಿನ ಹೆಜ್ಜೆ ಲೆಕ್ಕದ್ದೂ ಇದೇ ಕತೆ. ವಾಟ್ಸ್‌ಆಪ್ ಗುಂಪಿನಲ್ಲಿ ಒಬ್ಬರು 10,000 ಹೆಜ್ಜೆ ಅಂತ ಹಾಕಿದರೆ ಇನ್ನೊಬ್ಬರು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಸುತ್ತು ಹೊಡೆಯುತ್ತಾರೆ! ಆ ಹತ್ತು ಸಾವಿರ ಯಾವ ವೈದ್ಯರು ಬರೆದುಕೊಟ್ಟದ್ದೂ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹಬ್ಬಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಅಷ್ಟು ಮಾಡಿದರೆ ಆರೋಗ್ಯಕ್ಕೆ ಸಾಕು. ಅದರಾಚೆಗಿನದು ಸ್ಪರ್ಧೆ. ಸ್ಪರ್ಧೆ ತಪ್ಪಲ್ಲ, ಆದರೆ ಅದಕ್ಕೆ ಬೇರೆ ತಯಾರಿ ಬೇಕು.

ಇಳಿಸಲಾಗದ ಭಾರ

ವೇಟ್‌ಲಿಫ್ಟಿಂಗ್‌ನಲ್ಲಿ ಒಂದು ನಿಯಮವಿದೆ. ಎತ್ತುವ ಮೊದಲ ಭಾರ ಎಷ್ಟು ಅಂತ ಆಟಗಾರರೇ ಹೇಳಬೇಕು. ಅದರಲ್ಲಿ ಸೋತರೆ ಮತ್ತೆ ಅಷ್ಟೇ ಭಾರ ಎತ್ತಬೇಕು, ಇಲ್ಲ ಇನ್ನೂ ಹೆಚ್ಚು. ಕಡಿಮೆ ಮಾಡಿ ಅಂತ ಕೇಳುವ ಹಾಗಿಲ್ಲ! ಅದಕ್ಕೇ ಜಾಣರು ಅಭ್ಯಾಸದಲ್ಲಿ ಸಲೀಸಾಗಿ ಎತ್ತಿದ ಭಾರದಿಂದಲೇ ಶುರು ಮಾಡುತ್ತಾರೆ.

ಮೀರಾಬಾಯಿ ಚಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನಗಳಲ್ಲಿ ಸೋತು ಬರಿಗೈಲಿ ಬಂದರು. ಮಾರನೇ ವರ್ಷವೇ ವಿಶ್ವ ಚಾಂಪಿಯನ್ ಆದರು. 2021ರಲ್ಲಿ ಟೋಕಿಯೊದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಇಡೀ ದೇಶದ ಮುಂದೆ ಸೋತವರೇ ಮತ್ತೆ ಅಭ್ಯಾಸಕ್ಕೆ ಮರಳಿದರು ಅಂದ ಮೇಲೆ, ನಮ್ಮೂರ ಮೈದಾನದಲ್ಲಿ ಕೊನೆಯವರಾಗಿ ಬಂದರೆ ನಾಚಿಕೆ ಯಾಕೆ?

ಕಳೆದುಕೊಳ್ಳುವುದು ಏನನ್ನು?

ಮದ್ದೂರಿನಲ್ಲಿ ಗಂಡನನ್ನು ಬೆಂಗಳೂರಿನ ಟ್ರೇನಿಗೆ ಕಳಿಸಿ, ಮಕ್ಕಳ ಡಬ್ಬಿ ಕಟ್ಟುವ ಮುಂಚೆ ಸಿಗುವ ಆ ಒಂದು ಗಂಟೆ ಇದೆಯಲ್ಲ, ಇಡೀ ದಿನದಲ್ಲಿ ನಿಮ್ಮದು ಅನ್ನುವುದು ಅದೊಂದೇ. ಕಾಲು ಉಳುಕಿಸಿಕೊಂಡು ಬಂದರೆ ಮನೆಯಲ್ಲಿ ಬರುವ ಮೊದಲ ಮಾತು ಯಾವುದು ಅಂತ ನಿಮಗೇ ಗೊತ್ತು: “ನಿನಗ್ಯಾಕೆ ಬೇಕಿತ್ತು ಇದೆಲ್ಲಾ?” ಎರಡು ತಿಂಗಳ ವಿಶ್ರಾಂತಿ ಮುಗಿಯುವಷ್ಟರಲ್ಲಿ ಆ ಗಂಟೆಯನ್ನು ಮನೆಯ ಕೆಲಸ ನುಂಗಿರುತ್ತೆ. ತಯಾರಿ ಬೇಕಿರುವುದು ಮೆಡಲ್‌ಗಾಗಿ ಅಲ್ಲ ಕಣ್ರೀ, ಆ ಗಂಟೆಯನ್ನು ಉಳಿಸಿಕೊಳ್ಳೋದಕ್ಕೆ.

ಇನ್ನೊಂದು ತುದಿಯ ಭಯವೂ ಇದೆ. 2021ರ ಅಕ್ಟೋಬರ್ 29ರಂದು ನಮ್ಮ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಅಗಲಿದಾಗ “ವ್ಯಾಯಾಮವೇ ಬೇಡ” ಅಂದವರು ಬಹಳ. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ವ್ಯಾಯಾಮ ಬಿಡುವುದು ಉತ್ತರವಲ್ಲ. ಆ ಸಾಲಿನಲ್ಲಿ ನಿಂತವರು ಮಾಡಿದ್ದನ್ನೇ ಗಾಬರಿ ಇಲ್ಲದೆ, ಮುಂಚಿತವಾಗಿ ಮಾಡಿಸಿಕೊಳ್ಳೋದು ಉತ್ತರ.

ಹೆಸರು ಕೊಡುವ ಮುನ್ನ...

* ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷದಂತೆ ಒಂದು ತಿಂಗಳು ಬಿರುಸಾಗಿ ನಡೆದಿದ್ದೀರಾ? ಇಲ್ಲವಾದರೆ ಓಟ ಆಮೇಲೆ, ಮೊದಲು ನಡಿಗೆ.

* ಮಾತಿನ ಪರೀಕ್ಷೆ ಮಾಡಿ. ಬಿರುಸು ನಡಿಗೆಯಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮಾತಿಗೇ ಉಸಿರು ಕಟ್ಟಿದರೆ ವೇಗ ಇಳಿಸಿ.

* ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಿ. ‘ನಾನು ಸೋಮಾರಿ’ ಅಂತ ನಿಮ್ಮನ್ನೇ ಬೈದುಕೊಳ್ಳುವ ಸುಸ್ತು ಎಷ್ಟೋ ಸಲ ಇದೇ ಆಗಿರುತ್ತೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ.

* ವಯಸ್ಸು ನಲವತ್ತು ದಾಟಿದ್ದರೆ, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ, ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ವೈದ್ಯರ ಒಪ್ಪಿಗೆ ಬೇಕೇ ಬೇಕು.

* ಓಡಿದರೆ, ಕುಪ್ಪಳಿಸಿದರೆ ಮೂತ್ರ ಸೋರುತ್ತಾ? ನಾಚಿಕೆಪಟ್ಟು ಓಟ ಬಿಡಬೇಡಿ, ಮುಚ್ಚಿಟ್ಟುಕೊಂಡು ಓಡಲೂಬೇಡಿ. ಹೆರಿಗೆಯಾದ ಹಲವರಿಗೆ ಇರುವ ತೊಂದರೆ ಇದು. ಸ್ತ್ರೀರೋಗ ತಜ್ಞರಿಗೆ ಹೇಳಿ, ಇದಕ್ಕೆಂದೇ ವ್ಯಾಯಾಮಗಳಿವೆ.

ಸಂಕ್ರಾಂತಿಗೆ ಮುಂಚೆಯೇ ಶುರು

ನಡಿಗೆಯಿಂದ ಐದು ಕಿಲೋಮೀಟರ್ ಓಟಕ್ಕೆ ಹೋಗುವವರಿಗೆ ಜಗತ್ತಿನ ಹಲವು ಕಡೆ ಬಳಸುವ ‘ಕೌಚ್ ಟು ಫೈವ್ ಕೆ’ ಕ್ರಮ 9 ವಾರಗಳದ್ದು. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ನಿಧಾನ ಓಟ, 90 ಸೆಕೆಂಡ್ ನಡಿಗೆ, ಹೀಗೆ ಒಟ್ಟು 20 ನಿಮಿಷ. ಅಷ್ಟೇ! ಮಾರ್ಚ್ 8ರ ಓಟಕ್ಕೆ ಲೆಕ್ಕ ಹಾಕಿ ನೋಡಿ. ಎಳ್ಳು–ಬೆಲ್ಲ ಬೀರುವುದಕ್ಕೂ ಮುಂಚೆ ಶುರುವಾಗಿರಬೇಕು. ಒಂದು ವಾರದ್ದು ಕಷ್ಟವಾದರೆ ಅದನ್ನೇ ಇನ್ನೊಂದು ವಾರ ಮಾಡಿ, ಯಾರೂ ಫೇಲ್ ಮಾಡೋದಿಲ್ಲ. ಮಳವಳ್ಳಿ ಕಡೆಯವರು ಹತ್ತಿರದ ಶಾಲೆಯ ಮೈದಾನ ಸಿಕ್ಕರೆ ಅಲ್ಲೇ ಓಡಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯೇ ಗತಿಯಾದರೆ ವಾಹನ ಎದುರಿಗೆ ಕಾಣುವ ಬದಿಯಲ್ಲಿ, ಬೆಳಕು ಹರಿದ ಮೇಲೆ ಹೊರಡಿ.

ನಿಮ್ಮ ಜೋಡಿಯನ್ನೂ ನೀವೇ ಕಟ್ಟಿಕೊಳ್ಳಿ. ಪಕ್ಕದ ಮನೆಯ ಇಪ್ಪತ್ತೈದರ ಸೊಸೆ ನಿಮ್ಮ ಜೋಡಿ ಅಲ್ಲ. ಹೋದ ತಿಂಗಳ ನೀವೇ ಈ ತಿಂಗಳ ನಿಮಗೆ ಸರಿಯಾದ ಜೋಡಿ. ಹಿತ ಬಯಸುವ ಒಬ್ಬರಿಗೆ, ಅಕ್ಕನೋ ಗೆಳತಿಯೋ ಮಗಳೋ, “ನಾನು ಅತಿ ಮಾಡಿದರೆ ಹೇಳು” ಅಂತ ಮೊದಲೇ ಹೇಳಿಡಿ. ಅವರು ಹೇಳಿದಾಗ ಮುನಿಸಿಕೊಳ್ಳಬೇಡಿ.

ಓಟದ ದಿನ ಜ್ವರವಿದ್ದರೆ ಹೋಗಬೇಡಿ. ಎದೆ ಬಿಗಿತ, ದವಡೆ ಅಥವಾ ಬೆನ್ನಿನಲ್ಲಿ ನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಬಂದರೆ ತಕ್ಷಣ ನಿಂತುಬಿಡಿ, ವೈದ್ಯರ ಸಹಾಯ ಕೇಳಿ. ಹೆಂಗಸರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆಯೂ ಬರಬಹುದು. ತಯಾರಿ ಅರ್ಧಕ್ಕೇ ನಿಂತಿದ್ದರೆ ಅದೇ ಟೀ ಶರ್ಟ್ ಹಾಕಿಕೊಂಡು ಆರಾಮಾಗಿ ನಡೆದು ಬನ್ನಿ. ಅದೂ ಬೇಡವಾದರೆ ಓಡುವವರಿಗೆ ನೀರು ಕೊಟ್ಟು ಚಪ್ಪಾಳೆ ತಟ್ಟಿ.

ಮಾರ್ಚ್ 8 ಮುಂದಿನ ವರ್ಷವೂ ಬರುತ್ತೆ. ಹುಟ್ಟಿನಿಂದ ಜೊತೆಗಿರುವ ಮಂಡಿ ಮಾತ್ರ ಇರೋದು ಒಂದೇ ಜೊತೆ. ಅದನ್ನೂ ಒಂದು ಮಾತು ಕೇಳಿ, ಆಮೇಲೆ ಹೆಸರು ಕೊಡಿ. ಆಲ್ ದಿ ಬೆಸ್ಟ್!